ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಪ್ರೊಸೆಸರ್ ಬಿಸಿಯಾಗ್ತಿದೆಯಾ? ಕೂಲರ್ ತರಿಸುವ ಮುಂಚೆ ಇದನ್ನು ನೋಡಿ

ಬದಲಿಸಿದ್ದು ಕಾರ್ಡ್, ಕುದಿಯುತ್ತಿರುವುದು ಪ್ರೊಸೆಸರ್. ಸಾಮಾನ್ಯವಾಗಿ ಕಾರಣ ಮೂರರಲ್ಲಿ ಒಂದು. ಕಾರ್ಡಿನ ಬಿಸಿ ಗಾಳಿ ಕ್ಯಾಬಿನೆಟ್ ಒಳಗೇ ಸುತ್ತುತ್ತಿರಬಹುದು, ಪ್ರೊಸೆಸರ್‌ಗೆ ನಿಜಕ್ಕೂ ಕೆಲಸ ಜಾಸ್ತಿ ಆಗಿರಬಹುದು, ಇಲ್ಲವೇ ಕಾರ್ಡ್ ಕೂರಿಸುವಾಗ ಕೈ ತಾಗಿ ಕೂಲರ್ (ಪ್ರೊಸೆಸರ್ ಮೇಲೆ ಕೂತು ಅದನ್ನು ತಣಿಸುವ, ಫ್ಯಾನ್ ಇರುವ ಭಾಗ) ಸಡಿಲ ಆಗಿರಬಹುದು. ಯಾವುದು ಅಂತ ಗೊತ್ತಾಗದೆ ಸುಮ್ನೆ ದುಡ್ಡು ಸುರಿಯಬೇಡಿ.

ಅದಕ್ಕೂ ಮುಂಚೆ ಕೋಣೆಯ ಲೆಕ್ಕ. ಜುಲೈ ಮಳೆಯಲ್ಲಿ ತೀರ್ಥಹಳ್ಳಿಯ ಹೆಂಚಿನ ಮನೆಯಲ್ಲಿ ಕಂಡ 70 ಡಿಗ್ರಿಯನ್ನು, ಏಪ್ರಿಲ್‌ನಲ್ಲಿ ಶಿವಮೊಗ್ಗದ ತಾರಸಿ ಮನೆಯಲ್ಲಿ ಕಾಣುವ 82ರ ಜೊತೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಕೋಣೆ 12 ಡಿಗ್ರಿ ಏರಿದರೆ ಪ್ರೊಸೆಸರ್ ಕೂಡ ಹೆಚ್ಚುಕಮ್ಮಿ ಅಷ್ಟೇ ಏರುತ್ತದೆ. ನಿಮ್ಮ ಪ್ರೊಸೆಸರ್ ತಡೆಯುವ ಗರಿಷ್ಠ ಬಿಸಿಯ ಮಿತಿಯನ್ನೂ ನೋಡಿಕೊಳ್ಳಿ. ಇಂಟೆಲ್‌ನ ಬಹಳಷ್ಟು ಡೆಸ್ಕ್‌ಟಾಪ್ ಚಿಪ್‌ಗಳಿಗೆ ಅದು 100 ಡಿಗ್ರಿ. ಎಎಮ್‌ಡಿ ಕಂಪನಿಯ ರೈಜೆನ್ 7000 ಸರಣಿಯ ಹಲವು ಚಿಪ್‌ಗಳು ಪೂರ್ತಿ ಕೆಲಸ ಕೊಟ್ಟಾಗ 95ರವರೆಗೆ ಹೋಗುವಂತೆಯೇ ಮಾಡಿದ್ದು, ಅಲ್ಲಿ ಗಾಬರಿ ಬೇಡ.

ಈಗ ಪರೀಕ್ಷೆ. ಬಿಸಿ ಎಷ್ಟಿದೆ ಅಂತ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರ್ ತೆರೆದಿಟ್ಟುಕೊಂಡು, ಗೇಮ್ ಏನೂ ಹಾಕದೆ, ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಡುವ ಸಿನಿಬೆಂಚ್ ಸಾಫ್ಟ್‌ವೇರ್‌ನ ಮಲ್ಟಿ ಕೋರ್ ಪರೀಕ್ಷೆಯನ್ನು ಹತ್ತು ನಿಮಿಷ ಓಡಿಸಿ. ಕಾರ್ಡ್ ಸುಮ್ಮನಿದ್ದಾಗಲೂ ಚಿಪ್ ಕ್ಷಣದಲ್ಲಿ ಮಿತಿಗೆ ಹಾರಿದರೆ (ಮೇಲೆ ಹೇಳಿದ ರೈಜೆನ್‌ಗಳನ್ನು ಬಿಟ್ಟು) ಅನುಮಾನ ಕೂಲರ್ ಮೇಲೆ. ಪಿಸಿ ಆಫ್ ಮಾಡಿ, ಪ್ಲಗ್ ಕಿತ್ತು, ಕೂಲರನ್ನು ಮೆಲ್ಲಗೆ ಅಲುಗಾಡಿಸಿ. ಇಂಟೆಲ್ ಜೊತೆಗೆ ಬರುವ ಕೂಲರ್‌ನ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳಲ್ಲಿ ಒಂದು ಎದ್ದಿದ್ದರೂ ಸಾಕು, ಕಥೆ ಮುಗಿಯಿತು. ಕೂಲರ್ ಬಿಚ್ಚಿದಿರೋ, ಕೂಲರ್‌ಗೂ ಪ್ರೊಸೆಸರ್‌ಗೂ ನಡುವೆ ಬಿಸಿ ದಾಟಿಸುವ ಹಳೇ ಪೇಸ್ಟ್ ಒರೆಸಿ ಹೊಸದು ಹಚ್ಚಲೇಬೇಕು. ಫ್ಯಾನ್ ತಿರುಗುತ್ತಿದೆಯಾ, ಅದರ ರೆಕ್ಕೆಗೆ ಯಾವುದಾದರೂ ವೈರ್ ಸಿಕ್ಕಿಕೊಂಡಿದೆಯಾ ಅಂತಲೂ ನೋಡಿ.

ಆ ಪರೀಕ್ಷೆ ಪಾಸಾಗಿ, ಗೇಮ್ ಹಾಕಿದಾಗ ಮಾತ್ರ ಬಿಸಿ ಏರುತ್ತದಾ? ಹಾಗಾದರೆ ಪಕ್ಕದ ಮುಚ್ಚಳ ತೆಗೆದು ಅದೇ ಗೇಮನ್ನು ಅರ್ಧ ಗಂಟೆ ಆಡಿ. ಏಳೆಂಟು ಡಿಗ್ರಿ ಇಳಿದರೆ ಸಮಸ್ಯೆ ಗಾಳಿಯದ್ದು. ಹಳೇ ಕಾರ್ಡ್ ಜಿಟಿಎಕ್ಸ್ 1650 ಆಗಿದ್ದರೆ ಅದು ಎಳೆಯುತ್ತಿದ್ದದ್ದು ಸುಮಾರು 75 ವ್ಯಾಟ್, ಹೊಸದು ಆರ್‌ಟಿಎಕ್ಸ್ 3070 ಆದರೆ ಎಳೆಯುವುದು 220. ಹೆಚ್ಚಿನ ಕಾರ್ಡ್‌ಗಳು ಆ ಬಿಸಿಯನ್ನೆಲ್ಲ ಕ್ಯಾಬಿನೆಟ್ ಒಳಗೇ ಬಿಡುತ್ತವೆ, ಪ್ರೊಸೆಸರ್‌ನ ಫ್ಯಾನ್ ಅದೇ ಗಾಳಿಯನ್ನು ಎಳೆದುಕೊಳ್ಳುತ್ತದೆ. ಬಚ್ಚಲೊಲೆ ಉರಿಸಿ ಬಾಗಿಲು ಕಿಟಕಿ ಎಲ್ಲ ಹಾಕಿಕೊಂಡ ಹಾಗೆ! ಮುಂದೆ ಎರಡು ಫ್ಯಾನ್ ಗಾಳಿ ಒಳಗೆಳೆಯಲಿ, ಹಿಂದೆ ಒಂದು ಹೊರಗೆ ತಳ್ಳಲಿ, ಬಹುತೇಕ ಮನೆಗಳಿಗೆ ಇಷ್ಟು ಸಾಕು. ಫ್ಯಾನಿನ ಯಾವ ಬದಿಯಲ್ಲಿ ಕಂಬಿಗಳ ಚೌಕಟ್ಟು ಇದೆಯೋ ಗಾಳಿ ಆ ಕಡೆಗೆ ಹೋಗುತ್ತದೆ. ಕಂಪ್ಯೂಟರ್ ಟೇಬಲ್‌ನ ಗೂಡಿನಲ್ಲಿ ಪಿಸಿ ತುರುಕಿದ್ದರೆ, ದಯವಿಟ್ಟು ಮೊದಲು ಅದನ್ನು ಹೊರಗೆ ತನ್ನಿ. ಇದಕ್ಕೆ ಕಾಸು ಖರ್ಚಿಲ್ಲ, ಆದರೂ ಯಾರೂ ಮಾಡುವುದಿಲ್ಲ.

ನಮ್ಮ ಕಡೆ ಇನ್ನೊಂದು ಕಾಟ, ಥಂಡಿ ಹೀರಿದ ಧೂಳು. ಮಳೆಗಾಲ ಮುಗಿಯುವ ಹೊತ್ತಿಗೆ ಅದು ಕೂಲರ್‌ನ ತಗಡಿನ ಸಂದುಗಳಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಬಾಯಲ್ಲಿ ಊದಿದರೆ ಬರುವುದಿಲ್ಲ. ಮೆತ್ತನೆಯ ಬ್ರಷ್‌ನಲ್ಲಿ ಕೆದಕಿ, ಆಮೇಲೆ ಬ್ಲೋವರ್ ಹಿಡಿಯಿರಿ. ಊದುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಒತ್ತಿಕೊಳ್ಳಿ. ಇರುವೆ ಗೂಡು, ಹಲ್ಲಿ ಮೊಟ್ಟೆ ಸಿಕ್ಕರೆ ಆಶ್ಚರ್ಯಪಡಬೇಡಿ.

ಮುಚ್ಚಳ ತೆಗೆದರೂ ಏನೂ ವ್ಯತ್ಯಾಸ ಇಲ್ಲ ಅಂದರೆ ಉಳಿದದ್ದು ಒಂದೇ, ಪ್ರೊಸೆಸರ್‌ಗೆ ಕೆಲಸ ಜಾಸ್ತಿ ಆಗಿರುವುದು. ಹಳೇ ಕಾರ್ಡ್ ಸೆಕೆಂಡಿಗೆ 50 ಫ್ರೇಮ್ (ಚಿತ್ರ) ಕೊಡುವಾಗ ಪ್ರೊಸೆಸರ್ ಅರ್ಧ ಹೊತ್ತು ಕಾಯುತ್ತಾ ಕೂತಿತ್ತು, ಈಗ 140 ಫ್ರೇಮ್‌ಗೆ ಲೆಕ್ಕ ಹಾಕಬೇಕಲ್ವಾ? ನಿಮ್ಮ ಮಾನಿಟರ್ 75 ಹರ್ಟ್ಸ್‌ನದ್ದಾದರೆ, ಅಂದರೆ ಸೆಕೆಂಡಿಗೆ 75 ಚಿತ್ರ ಮಾತ್ರ ತೋರಿಸುವುದಾದರೆ, ಗೇಮ್ ಸೆಟ್ಟಿಂಗ್‌ನಲ್ಲಿ ಫ್ರೇಮ್ ಮಿತಿಯನ್ನು 75ಕ್ಕೆ ಇಡಿ, ಎರಡೂ ಚಿಪ್ ತಣ್ಣಗಾಗುತ್ತವೆ. 

ಇಷ್ಟೆಲ್ಲ ಆದಮೇಲೂ ಬಿಸಿ ಇಳಿಯದಿದ್ದರೆ ಆಗ ಟವರ್ ಕೂಲರ್ (ತಗಡಿನ ಪದರಗಳ, ಎತ್ತರದ ಕೂಲರ್) ಕೊಳ್ಳಿ. ಲಿಕ್ವಿಡ್ ಕೂಲರ್ ಬೇಕಾಗುವುದು ಕಡಿಮೆ ಜನಕ್ಕೆ. ಆರ್ಡರ್ ಮಾಡುವ ಮುಂಚೆ ಕೂಲರ್ ಎಷ್ಟು ಮಿಲಿಮೀಟರ್ ಎತ್ತರ ಇದೆ, ನಿಮ್ಮ ಕ್ಯಾಬಿನೆಟ್ ಎಷ್ಟು ಎತ್ತರದ್ದನ್ನು ಹಿಡಿಸುತ್ತದೆ ಅಂತ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.