ಕ್ವಾರಿ ಪಕ್ಕದ ಹಳ್ಳ ಉಳಿಸಿಕೊಳ್ಳಬೇಕೇ? ಎರಡು ಬಾಟಲಿ ನೀರಿನಿಂದ ಶುರು ಮಾಡಿ

ಜೋರು ಮಳೆ ಬಂದು ಹೋದ ಮಾರನೆಯ ದಿನ ಹಳ್ಳದ ನೀರು ಸುಣ್ಣ ಕಲಸಿದ ಹಾಗೆ ಬೆಳ್ಳಗೆ ಹರಿಯುತ್ತಿರುತ್ತದೆ. ಮೇಲ್ಗಡೆ ಕಲ್ಲು ಕ್ವಾರಿ ಇದೆ. ಕಾರಣ ಏನೆಂದು ಊರಿಗೆಲ್ಲ ಗೊತ್ತು. ಆದರೆ ದೂರು ಹಿಡಿದು ಹೋದಾಗ ಎದುರಾಗುವ ಮೊದಲ ಮಾತು ಇದು: “ಮಳೆ ಬಂದರೆ ಎಲ್ಲ ಹಳ್ಳವೂ ಬಗ್ಗಡ ಆಗುತ್ತೆ ಅಲ್ವಾ?”

ಈ ಪ್ರಶ್ನೆಗೆ ಸಿಟ್ಟು ಉತ್ತರವಲ್ಲ. ಕ್ವಾರಿ ನೀರು ಹಳ್ಳಕ್ಕೆ ಸೇರುವ ಜಾಗದ ಮೇಲ್ಗಡೆಯಿಂದ ಒಂದು ಬಾಟಲಿ ನೀರು, ಕೆಳಗಡೆಯಿಂದ ಇನ್ನೊಂದು. ಎರಡನ್ನೂ ಒಂದೇ ದಿನ, ಒಂದೇ ಹೊತ್ತಿನಲ್ಲಿ ತುಂಬಿರಬೇಕು. ಮಳೆ ಎರಡು ಕಡೆಗೂ ಬಿದ್ದಿದೆ. ಮೇಲಿನದು ತಿಳಿಯಾಗಿದ್ದು ಕೆಳಗಿನದು ಮಾತ್ರ ಬಗ್ಗಡವಾಗಿದ್ದರೆ ಮಳೆಯನ್ನು ದೂರುವಂತಿಲ್ಲ.

ಮೊದಲು ಹಳ್ಳದ ಜೊತೆ ನಡೆಯಿರಿ

ಬಾಟಲಿಗೆ ಮುಂಚೆ ಕಾಲಿಗೆ ಕೆಲಸ. ಕ್ವಾರಿ ನೀರು ಎಲ್ಲೆಲ್ಲಿ ಹಳ್ಳಕ್ಕೆ ಇಳಿಯುತ್ತದೆ ಎಂದು ನೋಡಿ. ಪೈಪ್ ಇರಬಹುದು, ಚರಂಡಿ ಇರಬಹುದು, ಮೇಲ್ಮಣ್ಣಿನ ರಾಶಿಯ ಕೊರಕಲು ಇರಬಹುದು. ಎಲ್ಲರೂ ಕಲ್ಲು ಒಡೆಯುವ ಗುಂಡಿಯನ್ನೇ ನೋಡುತ್ತಾರೆ. ಆದರೆ ಲಾರಿ ಓಡಾಡುವ ಮಣ್ಣಿನ ದಾರಿಯನ್ನು ಮರೆಯಬೇಡಿ. ಚಕ್ರಕ್ಕೆ ಸಿಕ್ಕಿ ಪುಡಿಯಾದ ದೂಳು ಮಳೆಯಲ್ಲಿ ಆ ದಾರಿಯ ಪಕ್ಕದ ಕಾಲುವೆಯಲ್ಲೇ ಇಳಿದು ಬರುತ್ತದೆ. ಒಂದು ಕೈನಕ್ಷೆ ಬರೆದು ಈ ಜಾಗಗಳಿಗೆಲ್ಲ ನಂಬರ್ ಹಾಕಿ.

ಒಂದು ಎಚ್ಚರ: ಬೇಲಿ ದಾಟಿ ಒಳಗೆ ಹೋಗಬೇಡಿ. ಕಲ್ಲು ಸಿಡಿಸುವ ಹೊತ್ತಿನಲ್ಲಿ ಹತ್ತಿರವೂ ಸುಳಿಯಬೇಡಿ. ಎಲ್ಲರೂ ಓಡಾಡುವ ದಾರಿಯಿಂದ ಕಾಣುವುದೇ ಸಾಕಷ್ಟು ಇರುತ್ತದೆ.

ಕಲ್ಲಿನ ಪುಡಿ ಯಾಕೆ ಇಷ್ಟು ಕೆಟ್ಟದ್ದು?

ಇದನ್ನು ಸ್ವಲ್ಪ ನಿಧಾನವಾಗಿ ತಿಳಿದುಕೊಳ್ಳೋಣ. ಮುಂದೆ ಅಧಿಕಾರಿಗಳ ಮುಂದೆ ಕೂತಾಗ ಇದೇ ಕೈ ಹಿಡಿಯುತ್ತದೆ.

0.1 ಮಿಲಿಮೀಟರ್ ಗಾತ್ರದ ಮರಳಿನ ಕಣ ನಿಂತ ನೀರಿನಲ್ಲಿ ಒಂದು ಮೀಟರ್ ಕೆಳಗಿಳಿಯಲು ಒಂದೆರಡು ನಿಮಿಷ ಸಾಕು. 0.01 ಮಿಲಿಮೀಟರ್ ಕಣಕ್ಕೆ ಸುಮಾರು 3 ಗಂಟೆ ಬೇಕು. 0.002 ಮಿಲಿಮೀಟರಿನ ಜೇಡಿಯಂಥ ನುಣುಪು ಪುಡಿಗೆ ಹೆಚ್ಚುಕಡಿಮೆ 3 ದಿನ. ಕ್ವಾರಿಯವರು ಹೂಳು ತಂಗಲಿ ಎಂದು ಹೊಂಡ ತೋಡುವುದು ಇದಕ್ಕೇ. ನೀರು ಹೊಂಡದಲ್ಲಿ ಸಾಕಷ್ಟು ಹೊತ್ತು ನಿಂತರೆ ಪುಡಿ ತಳಕ್ಕೆ ಕೂರುತ್ತದೆ. ಹೊಂಡದಲ್ಲಿ ಅರ್ಧದಷ್ಟು ಹೂಳೇ ತುಂಬಿಕೊಂಡಿದ್ದರೆ ನೀರಿಗೆ ನಿಲ್ಲಲು ಜಾಗ ಎಲ್ಲಿ? ಈ ಕಡೆಯಿಂದ ಬಂದದ್ದು ಆ ಕಡೆಯಿಂದ ಹಾಗೇ ಹಳ್ಳಕ್ಕೆ. ಹಾಗಾಗಿ “ಹೊಂಡ ಇದೆ” ಎಂಬ ಉತ್ತರಕ್ಕೆ ತಲೆಯಾಡಿಸಿ ವಾಪಸ್ ಬರಬೇಡಿ. ಹೂಳು ಕೊನೆಯದಾಗಿ ಯಾವಾಗ ತೆಗೆದರು ಎಂದು ಕೇಳಿ.

ಹಳ್ಳಕ್ಕೆ ಬಂದ ಪುಡಿ ತಳದ ಬೆಣಚುಕಲ್ಲುಗಳ ಸಂದಿಯಲ್ಲಿ ಕೂರುತ್ತದೆ. ಹಲವು ಮೀನುಗಳು ಮೊಟ್ಟೆ ಇಡುವುದು, ಸಣ್ಣ ಹುಳುಗಳು ಬದುಕುವುದು ಆ ಸಂದಿಗಳಲ್ಲೇ. ಸಂದಿ ಮುಚ್ಚಿದರೆ ಅವುಗಳಿಗೆ ಉಸಿರಾಟಕ್ಕೆ ಬೇಕಾದ ಹೊಸ ನೀರು ಸಿಗುವುದಿಲ್ಲ. ಮೇಲಿನ ನೀರು ನಾಲ್ಕು ದಿನಕ್ಕೆ ತಿಳಿಯಾಗಿ ಕಂಡರೂ ತಳ ಸತ್ತಿರುತ್ತದೆ.

ಇನ್ನೊಂದು ವಿಷಯ ಸಿಡಿಮದ್ದು. ಕ್ವಾರಿಗಳಲ್ಲಿ ಹೆಚ್ಚಾಗಿ ಬಳಸುವ ಒಂದು ಮದ್ದಿನಲ್ಲಿ ಸುಮಾರು 94 ಭಾಗ ಅಮೋನಿಯಂ ನೈಟ್ರೇಟ್, 6 ಭಾಗ ಡೀಸೆಲ್‌ನಂಥ ಎಣ್ಣೆ. ಪೂರ್ತಿ ಉರಿಯದೆ ಉಳಿದದ್ದು ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಹಳ್ಳದ ಪಕ್ಕದಲ್ಲಿ ಕುಡಿಯುವ ನೀರಿನ ಬಾವಿ ಇದ್ದರೆ ಅದರ ನೈಟ್ರೇಟ್ ಪರೀಕ್ಷೆ ಮಾಡಿಸಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 50 ಮಿಲಿಗ್ರಾಂ.

ಬಾಟಲಿ ತುಂಬುವ ಕ್ರಮ

ಮೊದಲು ಕೆಳಗಿನ ಜಾಗದಲ್ಲಿ ತುಂಬಿ, ಆಮೇಲೆ ಮೇಲಿನದು. ತಿರುಗಿಸಿ ಮಾಡಿದರೆ ಮೇಲ್ಗಡೆ ನೀವೇ ಕಾಲಿನಿಂದ ಕಲಕಿದ ಮಣ್ಣು ಕೆಳಗಿನ ಬಾಟಲಿಗೆ ಬರುತ್ತದೆ. ಅಷ್ಟು ಸಾಕು, ನಿಮ್ಮ ಪುರಾವೆ ಬಿದ್ದುಹೋಗಲು.

ನೀರು ಬರುವ ದಿಕ್ಕಿಗೆ ಮುಖ ಮಾಡಿ ನಿಲ್ಲಿ. ಅದೇ ನೀರಿನಲ್ಲಿ ಬಾಟಲಿಯನ್ನು ಮೂರು ಸಲ ತೊಳೆದು, ತೊಳೆದ ನೀರನ್ನು ಬೆನ್ನ ಹಿಂದೆ ಚೆಲ್ಲಿ. ತಳ ಮುಟ್ಟದಂತೆ, ಮೇಲಿನ ನೊರೆ ಸೇರದಂತೆ ನಡುವಿನ ನೀರು ತುಂಬಿ. ಜಾಗದ ನಂಬರ್, ತಾರೀಖು, ಗಂಟೆ, ತುಂಬಿದವರ ಹೆಸರು ಬಾಟಲಿ ಒಣಗಿರುವಾಗಲೇ ಬರೆದಿರಬೇಕು. ಒದ್ದೆ ಬಾಟಲಿಯ ಮೇಲೆ ಪೆನ್ನು ಓಡುವುದಿಲ್ಲ. ಆಮೇಲೆ ಎರಡನ್ನೂ ಬಿಳಿ ಹಾಳೆಯ ಮುಂದೆ ಪಕ್ಕಪಕ್ಕ ಇಟ್ಟು ಫೋಟೋ ತೆಗೆಯಿರಿ.

ಲ್ಯಾಬಿಗೆ ಕಳಿಸುವುದಾದರೆ ಮುಂಚೆಯೇ ಅವರನ್ನು ಕೇಳಿ, ಅವರು ಹೇಳಿದ ಬಾಟಲಿಯನ್ನೇ ಬಳಸಿ. ತಂಪಾಗಿಟ್ಟು ಬೇಗ ಮುಟ್ಟಿಸಿ. ತೇಲುವ ಕಣ, ಬಗ್ಗಡದ ಮಟ್ಟ, ಪಿಎಚ್ (ನೀರು ಎಷ್ಟು ಹುಳಿ ಅಥವಾ ಕ್ಷಾರ ಎಂಬ ಅಳತೆ), ನೈಟ್ರೇಟ್ ಈ ನಾಲ್ಕು ಸಾಕು. ಕ್ವಾರಿ ಸುಣ್ಣಕಲ್ಲಿನದಾದರೆ ಪಿಎಚ್ ಮೇಲೆ ಕಣ್ಣಿಡಿ.

ಪ್ರತಿ ವಾರ ಲ್ಯಾಬ್ ಆಗದ ಮಾತು. ಅದಕ್ಕೆ ಒಂದು ಹಳೆಯ ಉಪಾಯ ಇದೆ. 1865ರಲ್ಲಿ ಇಟಲಿಯ ಪಾದ್ರಿ, ವಿಜ್ಞಾನಿ ಆಂಜೆಲೊ ಸೆಕ್ಕಿ ಬಿಳಿ ತಟ್ಟೆಯೊಂದನ್ನು ಸಮುದ್ರಕ್ಕೆ ಇಳಿಬಿಟ್ಟು, ಎಷ್ಟು ಆಳಕ್ಕೆ ಅದು ಕಣ್ಮರೆಯಾಗುತ್ತದೆ ಎಂದು ಅಳೆದರು. ನೀವು ಉದ್ದದ ಪಾರದರ್ಶಕ ಕೊಳವೆಯ ತಳಕ್ಕೆ ಕಪ್ಪು ಬಿಳುಪಿನ ಬಿಲ್ಲೆ ಅಂಟಿಸಿ. ನೀರು ಸುರಿಯುತ್ತಾ ಹೋಗಿ, ಬಿಲ್ಲೆ ಮರೆಯಾದಾಗ ಸ್ಕೇಲ್ ಹಿಡಿದು ಎತ್ತರ ಬರೆದುಕೊಳ್ಳಿ. ಶಾಲೆಯ ಮಕ್ಕಳೂ ಮಾಡಬಹುದು.

ಕಲ್ಲು ಮಗುಚಿ ನೋಡಿ

ನನಗೆ ತುಂಬಾ ಇಷ್ಟವಾದ ಪರೀಕ್ಷೆ ಇದು. ಅಂಗೈ ಅಗಲದ ಕಲ್ಲೊಂದನ್ನು ಎತ್ತಿ ಅಡಿಭಾಗ ನೋಡಿ. ಒಳ್ಳೆಯ ನೀರಿದ್ದರೆ ಮೂರು ಬಾಲದ, ಚಪ್ಪಟೆ ಮೈಯ ಸಣ್ಣ ಹುಳು ಸರಸರ ಹರಿದು ಹೋಗುತ್ತದೆ. ಪಕ್ಕದಲ್ಲೇ ಮರಳಿನ ಹರಳುಗಳನ್ನು ಅಂಟಿಸಿ ಮನೆ ಕಟ್ಟಿಕೊಂಡ ಇನ್ನೊಂದು ಹುಳು ಇರಬಹುದು. ಮೇಲಿನ ಜಾಗದಲ್ಲಿ ಹತ್ತು ಕಲ್ಲು, ಕೆಳಗಿನ ಜಾಗದಲ್ಲಿ ಹತ್ತು ಕಲ್ಲು ನೋಡಿ ಎಣಿಸಿ. ನೀರಿನ ಪರೀಕ್ಷೆ ಆ ಗಂಟೆಯ ಕಥೆ ಹೇಳಿದರೆ, ಹುಳುಗಳು ಹಿಂದಿನ ಎಷ್ಟೋ ವಾರಗಳ ಕಥೆ ಹೇಳುತ್ತವೆ. ಕಲ್ಲನ್ನು ಇದ್ದ ಹಾಗೇ ವಾಪಸ್ ಇಡಿ.

ಬೇಸಿಗೆಯಲ್ಲಿ ಹರಿವನ್ನೂ ಅಳೆಯಿರಿ. ಕ್ವಾರಿ ಅಂತರ್ಜಲದ ಮಟ್ಟಕ್ಕಿಂತ ಆಳಕ್ಕೆ ಇಳಿದು ಪಂಪ್ ಮಾಡಲು ಶುರು ಮಾಡಿದರೆ ಹಳ್ಳದ ಒರತೆಗಳು ಬತ್ತಬಹುದು. ನೀರು ಧುಮುಕುವ ಕಡೆ 10 ಲೀಟರ್ ಬಕೆಟ್ ಹಿಡಿಯಿರಿ. 20 ಸೆಕೆಂಡಿಗೆ ತುಂಬಿದರೆ ಹರಿವು ಸೆಕೆಂಡಿಗೆ ಅರ್ಧ ಲೀಟರ್. ಕ್ವಾರಿ ಇನ್ನೂ ಬಂದಿಲ್ಲ, ಬರುವ ಸುದ್ದಿ ಮಾತ್ರ ಇದೆ ಎಂದಾದರೆ ಇವತ್ತೇ ಶುರು ಮಾಡಿ. ಮುಂಚಿನ ಲೆಕ್ಕವನ್ನು ಆಮೇಲೆ ಹುಟ್ಟಿಸಲು ಆಗುವುದಿಲ್ಲ.

ಕಾಗದ ಪತ್ರ

ಕ್ವಾರಿಯ ಅನುಮತಿ ಪತ್ರ ತರಿಸಿಕೊಂಡು ಷರತ್ತುಗಳನ್ನು ಒಂದೊಂದಾಗಿ ಓದಿ. ಹಳ್ಳದಿಂದ ಎಷ್ಟು ದೂರ, ಹೊಂಡ ಎಷ್ಟು, ಗಿಡ ಎಲ್ಲಿ ಎಂದೆಲ್ಲ ಅಲ್ಲೇ ಬರೆದಿರಬಹುದು. ಭಾರತದಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆ ಇದಕ್ಕೆ ದಾರಿ. ನೀರಿನ ಮಾಲಿನ್ಯಕ್ಕೆ 1974ರ ಕಾಯ್ದೆ ಇದೆ. 2010ರ ಕಾಯ್ದೆಯಡಿ ಹಸಿರು ನ್ಯಾಯಮಂಡಳಿಗೆ ಹೋಗುವುದಾದರೆ ತಕರಾರಿನ ಕಾರಣ ಮೊದಲು ಹುಟ್ಟಿದ ದಿನದಿಂದ 6 ತಿಂಗಳೊಳಗೆ ಹೋಗಬೇಕು. ತಕ್ಕ ಕಾರಣ ತೋರಿಸಿದರೆ ಮಾತ್ರ ಇನ್ನೂ 60 ದಿನ. ಸುಮ್ನೆ ಮನವಿ ಕೊಡುತ್ತಾ ಕೂತರೆ ಈ ಅವಧಿ ಜಾರಿಹೋಗುತ್ತದೆ. ಅಮೆರಿಕದ 1972ರ ಶುದ್ಧ ನೀರಿನ ಕಾಯ್ದೆಯಲ್ಲಿ ನಾಗರಿಕರೇ ದಾವೆ ಹೂಡಬಹುದು, ಆದರೆ ಸಾಮಾನ್ಯವಾಗಿ 60 ದಿನ ಮುಂಚೆ ನೋಟಿಸ್ ಕೊಡಬೇಕು. ಯಾವ ದೇಶವಾದರೂ ಗಡುವನ್ನು ಮೊದಲು ವಿಚಾರಿಸಿ.

ದೂರು ಒಂದೇ ಪುಟ ಇರಲಿ. ಜೊತೆಗೆ ನಕ್ಷೆ, ಎರಡು ಬಾಟಲಿಯ ಫೋಟೋ, ಮೇಲೆ ಮತ್ತು ಕೆಳಗೆ ಎಂಬ ಎರಡು ಸಾಲಿನ ಪಟ್ಟಿ. “ಹಳ್ಳ ಉಳಿಸಿ” ಎಂದಷ್ಟೇ ಬರೆದರೆ ಸಾಲದು. ಹೊಂಡದ ಹೂಳು ತೆಗೆಸಿ, ನಕ್ಷೆಯ 3ನೇ ಜಾಗದ ಚರಂಡಿಯನ್ನು ಹೊಂಡಕ್ಕೆ ತಿರುಗಿಸಿ, ಅಲ್ಲಿಯವರೆಗೆ ನೀರು ಬಿಡುವುದನ್ನು ನಿಲ್ಲಿಸಿ ಎಂದು ಬಿಡಿಸಿ ಕೇಳಿ. ಸಹಿ ಮಾಡಿಸುವ ಮುಂಚೆ ಕ್ವಾರಿಯಲ್ಲೇ ದುಡಿಯುವ ಮನೆಗಳಿಗೂ ಹೋಗಿ ಮಾತಾಡಿ. ಅವರೂ ಅದೇ ನೀರು ಬಳಸುವವರು. ಅವರನ್ನು ಎದುರು ಹಾಕಿಕೊಂಡರೆ ಊರು ಒಡೆಯುತ್ತದೆ.

ಸ್ಥಳ ತನಿಖೆಗೆ ಬಂದವರು ಬಿಸಿಲಿನ ದಿನ ಬಂದು ತಿಳಿನೀರು ನೋಡಿ ಹೋಗಬಹುದು. ಕಂಗೆಡಬೇಡಿ. ಮುಂದಿನ ಜೋರು ಮಳೆಯ ಮಾರನೆಯ ಬೆಳಿಗ್ಗೆ ಅದೇ ಎರಡು ಜಾಗಕ್ಕೆ ಹೋಗಿ. ಕೆಳಗಿನ ಬಾಟಲಿ ಮೊದಲು.