ಕಿರಿಯ ಲಾವಾಶಿಲೆಯ ವಯಸ್ಸು: ಮಂಗಳೂರಿನಲ್ಲಿ ಥೋರಿಯಂ ಜೊತೆ ಗುದ್ದಾಟ

ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳೂ ಲಾವಾದವೇ. ಆದರೆ ಸುಮಾರು 9 ಕೋಟಿ ವರ್ಷದ ಆ ಕಲ್ಲಿಗೆ ನಾವು ಮಾಡುವ ಯುರೇನಿಯಂ–ಥೋರಿಯಂ ವಿಧಾನ (ಯುರೇನಿಯಂ-238 ಕ್ಷಯಿಸಿ ಹುಟ್ಟುವ ಥೋರಿಯಂ-230 ಎಷ್ಟು ಕೂಡಿದೆ ಎಂದು ನೋಡಿ ವಯಸ್ಸು ಹೇಳುವುದು) ನಡೆಯುವುದಿಲ್ಲ. ಥೋರಿಯಂ-230ರ ಅರ್ಧಾಯು ಸುಮಾರು 75,600 ವರ್ಷ. ಐದು ಅರ್ಧಾಯು ಕಳೆದ ಮೇಲೆ ಅದೂ ಯುರೇನಿಯಂ-238ಯೂ ಸಮತೋಲಕ್ಕೆ (ಹುಟ್ಟುವಷ್ಟೇ ಕ್ಷಯ) ಬಂದು ಗಡಿಯಾರ ನಿಂತುಹೋಗುತ್ತದೆ. ಅಂಡಮಾನಿನ ಬ್ಯಾರನ್ ದ್ವೀಪದಂಥ ಜೀವಂತ ಜ್ವಾಲಾಮುಖಿಯ ಕಲ್ಲಾದರೆ ಸರಿ.

ಅಳೆಯುವ ಯಂತ್ರ ಬೇರೆ ಊರಲ್ಲಿದ್ದರೂ ನಡೆಯುತ್ತದೆ. ವಯಸ್ಸು ಕೆಡುವುದು ಇಲ್ಲಿ, ಪುಡಿ ಮಾಡುವ ಮೇಜಿನ ಮೇಲೆ. ಉಳ್ಳಾಲದ ಕಡಲತಡಿಯ ಮರಳಿನಲ್ಲಿ ಮೊನಜೈಟ್ ಎಂಬ ಖನಿಜ ಇದೆ, ನಮ್ಮ ದೇಶದ ಮೊನಜೈಟಿನಲ್ಲಿ ಥೋರಿಯಂ ಶೇಕಡಾ 8ರ ಆಸುಪಾಸು. ಲೆಕ್ಕ ಹಾಕಿ ನೋಡಿ: 0.1 ಮಿಲಿಮೀಟರಿನ ಒಂದೇ ಕಣದಲ್ಲಿ ಸುಮಾರು 0.2 ಮೈಕ್ರೋಗ್ರಾಂ ಥೋರಿಯಂ. ಥೋರಿಯಂ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು) ಇರುವ ಬಸಾಲ್ಟಿನ ಅರ್ಧ ಗ್ರಾಂ ಪುಡಿಯಲ್ಲಿ ಇರುವುದೇ 0.5 ಮೈಕ್ರೋಗ್ರಾಂ! ಮೊನಜೈಟಿನಲ್ಲಿ ಥೋರಿಯಂ-232 ಅತಿಯಾಗಿರುವುದರಿಂದ ನಾವು ಅಳೆಯುವ ಥೋರಿಯಂ 230/232 ಅನುಪಾತ ಕೆಳಗೆ ಜಗ್ಗುತ್ತದೆ. ಅದಕ್ಕೇ ಬೀಚಿಗೆ ಹೋದ ಚಪ್ಪಲಿ, ಬಟ್ಟೆ ಒಳಗೆ ಬರಕೂಡದು. ಜರಡಿಯ ಜಾಲರಿ ನೈಲಾನಿನದು, ಪ್ರತಿ ಮಾದರಿಗೂ ಹೊಸ ತುಂಡು.

ಒಡೆದು 100–250 ಮೈಕ್ರಾನ್ ಜರಡಿ ಹಿಡಿದು, ಕಾಗದ ಸುತ್ತಿದ ಅಯಸ್ಕಾಂತದಿಂದ ಮ್ಯಾಗ್ನೆಟೈಟ್ ಎತ್ತುತ್ತೇವೆ. ಸೋಡಿಯಂ ಪಾಲಿಟಂಗ್‌ಸ್ಟೇಟ್ ದ್ರವದ ಸಾಂದ್ರತೆ 2.85 ಇಟ್ಟರೆ ಪ್ಲಾಜಿಯೋಕ್ಲೇಸ್ ತೇಲುತ್ತದೆ, ಪೈರಾಕ್ಸೀನ್ ಮುಳುಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಆವಿಯಾಗುವುದೇ ಕಷ್ಟ, ಸಾಂದ್ರತೆ ತಲುಪಲು ದಿನಗಟ್ಟಲೆ ಕಾಯಬೇಕು. ಅಂದಾಜಿಗೆ ಬಿಡದೆ 10 ಮಿಲಿಲೀಟರ್ ತೂಗಿ ನೋಡುವುದು ಒಳ್ಳೆಯದು. ಹರಳಿಗಂಟಿದ ಗಾಜು ಉಳಿದರೆ ಐಸೋಕ್ರಾನ್ ಗೆರೆಯ (ಬೇರೆ ಬೇರೆ ಖನಿಜಗಳ ಅನುಪಾತಗಳನ್ನು ಜೋಡಿಸುವ, ಇಳಿಜಾರಿನಿಂದ ವಯಸ್ಸು ಕೊಡುವ ಗೆರೆ) ಹರಹು ಕುಗ್ಗುತ್ತದೆ.

ಸ್ಪೈಕ್ (ಪ್ರಮಾಣ ಗೊತ್ತಿರುವ ಐಸೋಟೋಪ್ ದ್ರಾವಣ) ಹಾಕಿದ ಮೇಲೆಯೇ ಕರಗಿಸಬೇಕು. ಅರ್ಧ ಗ್ರಾಂಗೆ 3 ಮಿಲಿಲೀಟರ್ ಹೈಡ್ರೋಫ್ಲೋರಿಕ್, 1 ಮಿಲಿಲೀಟರ್ ನೈಟ್ರಿಕ್. ಮುಚ್ಚಿದ ಟೆಫ್ಲಾನ್ ಪಾತ್ರೆಯಲ್ಲಿ 120 ಡಿಗ್ರಿಗೆ ಎರಡು ದಿನ. ಕೆಲಸ ಫ್ಯೂಮ್ ಹುಡ್ ಒಳಗೆ, ಆಮ್ಲದ ಸುಟ್ಟಗಾಯಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟುಕುವಲ್ಲಿ. ಹೆಚ್ಚಿನವರು ಎಡವುವುದು ಇದಾದ ಮೇಲೆ. ಒಣಗಿಸಿದಾಗ ತಳದಲ್ಲಿ ಬಿಳಿ ಫ್ಲೋರೈಡ್ ಗಷ್ಟು ಕೂತರೆ ಥೋರಿಯಂ ಅದರಲ್ಲೇ ಅಡಗಿರುತ್ತದೆ, ಯುರೇನಿಯಂ ಮಾತ್ರ ದ್ರಾವಣಕ್ಕೆ ಬಂದಿರುತ್ತದೆ. ಬೋರಿಕ್ ಆಮ್ಲ ಹಾಕಿ, ನೈಟ್ರಿಕ್‌ನಲ್ಲಿ ಮತ್ತೆ ಮತ್ತೆ ಒಣಗಿಸಿ, ದ್ರಾವಣ ತಿಳಿಯಾಗುವವರೆಗೆ ಕಾಲಮ್ಮಿಗೆ (ರಾಳ ತುಂಬಿದ ಕೊಳವೆಗೆ) ಹೋಗಬೇಡಿ.

ಆ್ಯನಯಾನ್ (ಋಣ ಅಯಾನು ಹಿಡಿಯುವ) ರಾಳದಲ್ಲಿ 7 ಮೋಲಾರ್ ನೈಟ್ರಿಕ್ ಥೋರಿಯಮ್ಮನ್ನು ಬಿಗಿಯಾಗಿ ಹಿಡಿಸುತ್ತದೆ, ಯುರೇನಿಯಮ್ಮನ್ನು ಸಡಿಲವಾಗಿ. ತೊಳೆತ ಅತಿಯಾದರೆ ಯುರೇನಿಯಂ ಚರಂಡಿ ಸೇರುತ್ತದೆ. ಆಮೇಲೆ 6 ಮೋಲಾರ್ ಹೈಡ್ರೋಕ್ಲೋರಿಕ್ ಥೋರಿಯಮ್ಮನ್ನು ಇಳಿಸುತ್ತದೆ, ದುರ್ಬಲ ಆಮ್ಲ ಯುರೇನಿಯಮ್ಮನ್ನು.

ಪ್ರತಿ ಸರದಿಯಲ್ಲಿ ಹೊರಗಿನ ಕಲಬೆರಕೆ ತಿಳಿಯಲು ಒಂದು ಖಾಲಿ ಪಾತ್ರೆಯ ಬ್ಲ್ಯಾಂಕ್, ಹೋಲಿಕೆಗೆ ಒಂದು ಪ್ರಮಾಣಿತ ಮಾದರಿಯಾದ ಬಿಸಿಆರ್-2 ಬಸಾಲ್ಟ್ ಪುಡಿ. ಅದು ಕೋಟಿ ವರ್ಷಕ್ಕೂ ಹಳೆಯದು. ಅದರ ಥೋರಿಯಂ-230/ಯುರೇನಿಯಂ-238 ಆ್ಯಕ್ಟಿವಿಟಿ (ಕ್ಷಯದ ದರ) ಅನುಪಾತ 1 ಬರಲೇಬೇಕು. ಬರದಿದ್ದರೆ ಆ ಸರದಿಯ ಯಾವ ವಯಸ್ಸನ್ನೂ ನಾವು ಬರೆದಿಡುವುದಿಲ್ಲ.

ಐಸೋಕ್ರಾನ್ ಗೆರೆ ನೇರ ಬಂತೆಂದು ಅದನ್ನು ಸ್ಫೋಟದ ವಯಸ್ಸೆನ್ನಲಾಗದು. ಹರಳುಗಳು ಮ್ಯಾಗ್ಮಾ ಕೋಣೆಯಲ್ಲಿ ಸಾವಿರಾರು ವರ್ಷ ಕಾದಿರಬಹುದು. ಆಗ ಸಿಕ್ಕಿದ್ದು ಹರಳು ಕಟ್ಟಿದ ಕಾಲ. ಅದೇ ಕಲ್ಲಿನಲ್ಲಿ ಥೋರಿಯಂ-230 ಕ್ಷಯಿಸಿ ಹುಟ್ಟುವ ರೇಡಿಯಂ-226 ಸಮತೋಲಕ್ಕಿಂತ ಹೆಚ್ಚುವರಿಯಾಗಿ ಉಳಿದಿದ್ದರೆ, ಅದರ ಅರ್ಧಾಯು 1,600 ವರ್ಷವಾದ್ದರಿಂದ, ಆ ಅಸಮತೋಲ ಹುಟ್ಟಿದ್ದು ಸುಮಾರು 8,000 ವರ್ಷದೊಳಗೆ.