ಒಣ ಬೇಸಿಗೆಯಲ್ಲಿ ಹಮ್ಮಿಂಗ್‌ಬರ್ಡ್‌ಗೆ ಮಕರಂದ: ಕ್ಯಾಲಿಫೋರ್ನಿಯಾ ಫ್ಯೂಷಿಯಾ ಬೆಳೆಸುವ ಬಗೆ

ಕ್ಯಾಲಿಫೋರ್ನಿಯಾದ ಗುಡ್ಡಗಳಲ್ಲಿ ಆಗಸ್ಟ್ ಹೊತ್ತಿಗೆ ಹುಲ್ಲೆಲ್ಲ ಒಣಗಿ, ವಸಂತದ ಕಾಡುಹೂಗಳು ಬೀಜ ಉದುರಿಸಿ ಮುಗಿಸಿರುತ್ತವೆ. ಆಗ ಮೈತುಂಬ ಕೆಂಪು ಹೂ ಬಿಡುವ ಸ್ಥಳೀಯ ಗಿಡವೇ ಕ್ಯಾಲಿಫೋರ್ನಿಯಾ ಫ್ಯೂಷಿಯಾ. ಸಸ್ಯಶಾಸ್ತ್ರಜ್ಞರು ಇದನ್ನು ಎಪಿಲೋಬಿಯಂ ಕ್ಯಾನಮ್ ಎನ್ನುತ್ತಾರೆ. ನರ್ಸರಿಗಳಲ್ಲಿ ಜೌಶ್ನೇರಿಯಾ ಎಂಬ ಹಳೆಯ ಹೆಸರೂ ಬಳಕೆಯಲ್ಲಿದೆ.

ಅಲ್ಲಿ ನೆಲೆಸಿರುವ ಕನ್ನಡಿಗರು ಮೊದಲು ಗಮನಿಸಬೇಕಾದದ್ದು ನಾಟಿಯ ಕಾಲವನ್ನು. ಊರಿನಲ್ಲಿ ಮುಂಗಾರು ಹಿಡಿದ ಮೇಲೆ ಜೂನ್‌ನಲ್ಲಿ ಸಸಿ ನೆಟ್ಟು ರೂಢಿಯಾದವರಿಗೆ ಅದೇ ತಿಂಗಳು ಸರಿಯೆನಿಸಬಹುದು; ಆದರೆ ಅಲ್ಲಿ ಮಳೆ ಸುರಿಯುವುದು ಚಳಿಗಾಲದಲ್ಲಿ, ಜೂನ್ ಎಂದರೆ ಒಣ ಬೇಸಿಗೆಯ ಬಾಗಿಲು. ಆದ್ದರಿಂದ ನವೆಂಬರ್ ಸುಮಾರಿಗೆ, ಮೊದಲ ಮಳೆಯಿಂದ ಮಣ್ಣು ಹದಗೊಂಡಾಗ ನೆಟ್ಟರೆ, ಬಿಸಿಲು ಏರುವ ಮೊದಲೇ ಬೇರು ಆಳಕ್ಕಿಳಿಯುತ್ತದೆ.

ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗವನ್ನು ಆರಿಸಿ. ಗುಂಡಿ ತೋಡಿ, ನೀರು ತುಂಬಿ ನೋಡಿ. ಮರುದಿನವೂ ನೀರು ನಿಂತಿದ್ದರೆ ಅಲ್ಲಿ ದಿಬ್ಬ ಮಾಡಿ ಅದರ ಮೇಲೆ ನೆಡುವುದು ಲೇಸು. ಗಿಡದಿಂದ ಗಿಡಕ್ಕೆ ಎರಡು ಮೂರು ಅಡಿ ಅಂತರವಿರಲಿ. ಗೊಬ್ಬರವನ್ನಂತೂ ಹಾಕಲೇಬೇಡಿ, ಹಾಕಿದರೆ ಕಾಂಡ ಸೊಕ್ಕಿ ಬೆಳೆದು ಬಾಗಿ ಬೀಳುತ್ತದೆ.

ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ, ಬೇರಿನ ಆಳಕ್ಕೆ ಇಳಿಯುವಷ್ಟು ನೀರುಣಿಸಿದರೆ ಸಾಕು. ಎರಡನೆಯ ವರ್ಷದಿಂದ ತಿಂಗಳಿಗೆ ಒಂದೆರಡು ಬಾರಿ ಕೊಟ್ಟರೂ ಗಿಡ ತಾಳಿಕೊಳ್ಳುತ್ತದೆ. ಮಮತೆಯಿಂದ ದಿನವೂ ನೀರೆರೆದರೆ, ಅದರಲ್ಲೂ ಜೇಡಿಮಣ್ಣಿನಲ್ಲಿ, ಬೇರು ಕೊಳೆಯುತ್ತದೆ.

ಹೂ ಬಿಟ್ಟಾಗ ಹತ್ತಿರದಿಂದ ನೋಡಿ. ಸುಮಾರು ಒಂದಂಗುಲ ಉದ್ದದ ಕೊಳವೆಯ ಬಾಯಿಂದ ಕೇಸರಗಳು ಹೊರಚಾಚಿರುತ್ತವೆ. ಹಕ್ಕಿಗೆ ಕೂರಲು ಆಸರೆಯೇ ಇಲ್ಲ. ನಮ್ಮ ಸೂರಕ್ಕಿ ಸಾಮಾನ್ಯವಾಗಿ ಟೊಂಗೆಯ ಮೇಲೆ ಕುಳಿತು ಮಕರಂದ ಹೀರಿದರೆ, ನಾಲ್ಕೈದು ಗ್ರಾಂ ತೂಗುವ ಆನ್ನಾಸ್ ಎಂಬ ಜಾತಿಯ ಹಮ್ಮಿಂಗ್‌ಬರ್ಡ್ ಗಾಳಿಯಲ್ಲೇ ನಿಂತು ಕೊಕ್ಕು ತೂರಿಸುತ್ತದೆ, ಪರಾಗ ಅದರ ನೆತ್ತಿಗೆ ಮೆತ್ತಿಕೊಳ್ಳುತ್ತದೆ. ಈ ಹಕ್ಕಿ ಮರಿಗಳಿಗೆ ಸಣ್ಣ ಹುಳು, ಜೇಡಗಳನ್ನೂ ಉಣಿಸುವುದರಿಂದ ಹಿತ್ತಲಿನಲ್ಲಿ ಕೀಟನಾಶಕ ಸಿಂಪಡಿಸಬಾರದು.

ಹೂವೆಲ್ಲ ಮುಗಿದ ಬಳಿಕ, ಡಿಸೆಂಬರ್ ಸುಮಾರಿಗೆ, ಗಿಡವನ್ನು ನೆಲದಿಂದ ಎರಡು ಮೂರು ಅಂಗುಲ ಬಿಟ್ಟು ಕತ್ತರಿಸಿ. ನೆಲದಡಿಯ ಕಾಂಡಗಳಿಂದ ಇದು ಹಬ್ಬುತ್ತ ಹೋಗುವುದರಿಂದ, ಅಂಚಿನಲ್ಲಿ ಎದ್ದ ಮರಿಗಿಡಗಳನ್ನು ಚಳಿಗಾಲದಲ್ಲೇ ಬೇರುಸಹಿತ ಅಗೆದು ಬೇರೆಡೆ ನೆಡಬಹುದು, ನೆರೆಮನೆಯವರಿಗೂ ಕೊಡಬಹುದು.